ಬಿದ್ದ ಕಂಗು, ಬಾರದ ಹಣ



ಮಳೆಗಾಲದ ಗಾಳಿಗೆ ನಮ್ಮ ಕುಂಜತ್ತೂರಿನ ಕಡೆ ಹತ್ತು ಕಂಗು ಮುರಿದು ಬಿದ್ದರೆ ಮರುದಿನ ಕೇಳಿಬರುವ ಮಾತು ಒಂದೇ: "ಸರಕಾರದಿಂದ ಏನಾದರೂ ಸಿಗುತ್ತದಾ?" ಸಿಗುತ್ತದೆ. ಆದರೆ ಅದರ ಅರ್ಧ ಕೆಲಸ ಗಾಳಿ ಬೀಸುವ ಮೊದಲೇ ಮಾಡಿಡಬೇಕಾದದ್ದು.

ಹಣ ಬರುವ ದಾರಿಗಳಲ್ಲಿ ಒಂದು ಪ್ರಕೃತಿ ವಿಕೋಪದ ಪರಿಹಾರ. ಇದಕ್ಕೆ ಮುಂಚಿತವಾಗಿ ಏನೂ ಕಟ್ಟಬೇಕಾಗಿಲ್ಲ. ಕೇಂದ್ರದ ಮಾನದಂಡದಂತೆ ಬೆಳೆಯ ಶೇಕಡಾ 33ರಷ್ಟಾದರೂ ಹಾನಿಯಾಗಿರಬೇಕು. 2022ರಿಂದ 2026ರ ವರೆಗಿನ ಅವಧಿಗೆ ಅಡಿಕೆ, ತೆಂಗಿನಂತಹ ಬೆಳೆಗೆ ಗೊತ್ತುಪಡಿಸಿದ ದರ ಹೆಕ್ಟೇರಿಗೆ 22,500 ರೂಪಾಯಿ. ಹೆಕ್ಟೇರೆಂದರೆ 247 ಸೆಂಟ್ಸ್. ಐವತ್ತು ಸೆಂಟ್ಸಿನ ತೋಟದವರಿಗೆ ಲೆಕ್ಕ ಹಾಕಿದರೆ ನಾಲ್ಕೂವರೆ ಸಾವಿರದ ಆಸುಪಾಸು. ಹೊಸ ಸಸಿ ನೆಟ್ಟು ಫಸಲಿಗೆ ಐದಾರು ವರ್ಷ ಕಾಯುವವರಿಗೆ ಇದು ಎಲ್ಲಿಗೆ ಸಾಕು?

ಇನ್ನೊಂದು, 1995ರಲ್ಲಿ ಆರಂಭವಾದ ಕೇರಳ ರಾಜ್ಯ ಬೆಳೆ ವಿಮೆ. 2017ರ ಪರಿಷ್ಕರಣೆಯಂತೆ ಫಸಲು ಕೊಡುವ ಕಂಗೊಂದಕ್ಕೆ ವರ್ಷಕ್ಕೆ ಒಂದೂವರೆ ರೂಪಾಯಿ, ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ಮೂರೇ ರೂಪಾಯಿ. ಮರ ನಾಶವಾದರೆ 200 ರೂಪಾಯಿ. ನೂರು ಕಂಗಿಗೆ ಮೂರು ವರ್ಷಕ್ಕೆ ಮುನ್ನೂರು ರೂಪಾಯಿ. ಒಂದು ಮದುವೆಗೆ ಹೋಗಿಬರುವ ರಿಕ್ಷಾ ಬಾಡಿಗೆ! ಕಟ್ಟಿ ಏಳು ದಿನ ಕಳೆದ ಮೇಲೆಯೇ ವಿಮೆ ಜಾರಿಗೆ ಬರುವುದು, ಆದ್ದರಿಂದ ಗಾಳಿ ಎದ್ದ ಮೇಲೆ ಕೃಷಿಭವನಕ್ಕೆ ಓಡಿ ಫಲವಿಲ್ಲ.

ಕೊಳೆರೋಗಕ್ಕೆ, ಅಂದರೆ ಮಹಾಳಿಗೆ, ಇದರಲ್ಲಿ ಪರಿಹಾರವಿಲ್ಲ. ರೋಗದ ಲೆಕ್ಕ ಇರುವುದು ಭತ್ತಕ್ಕೆ ಮಾತ್ರ. ತಲಪಾಡಿಯಾಚೆಯ ಭಾವ "ನಮಗೆ ಮಳೆ ಹೆಚ್ಚಾದದ್ದಕ್ಕೆ ಹಣ ಬಂತು" ಎಂದರೆ ಅದು ಹವಾಮಾನ ಆಧಾರಿತ ವಿಮೆ. ಅಲ್ಲಿ ತೋಟ ನೋಡುವುದಿಲ್ಲ, ಮಳೆಮಾಪಕ ನೋಡುತ್ತಾರೆ. ಗಡಿಯ ಈಚೆ ಕೇರಳದ್ದೇ ಅಧಿಸೂಚನೆ, ಇಲ್ಲಿಯದೇ ಮಾಪಕ. ಅವರ ಮಾತು ನಂಬಿ ಕೂರಬೇಡಿ.

ಇನ್ನು ನನ್ನ ಕಸುಬಿನ ವಿಷಯ. ಹಣ ಮಂಜೂರಾದ ಮೇಲೂ ಹಿಂದೆ ಹೋಗುವುದನ್ನು ಬ್ಯಾಂಕಿನ ಗುಮಾಸ್ತನಾಗಿ ಕಂಡವನು ನಾನು. ನಮ್ಮೂರಿನ ಐತಪ್ಪ ಎಂಬ ಹೆಸರು ತೀರ್ವೆ ರಶೀದಿಯಲ್ಲಿ ಮಲಯಾಳದ ಬಾಯಿಗೆ ಒಗ್ಗಿ ಒಂದು ರೂಪ, ಆಧಾರಿನಲ್ಲಿ ಇಂಗ್ಲಿಷಿನ ಮತ್ತೊಂದು, ಪಾಸುಬುಕ್ಕಿನಲ್ಲಿ ತಂದೆಯ ಹೆಸರೂ ಸೇರಿ ಮೂರನೆಯದು. ಮನುಷ್ಯ ಒಬ್ಬನೇ, ಕಾಗದದಲ್ಲಿ ಮೂವರು. ಕೆಲವು ಜಾಗದ ತೀರ್ವೆ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದೆ. ವಿಜಯಾ ಬ್ಯಾಂಕ್ 2019ರಲ್ಲಿ ಬರೋಡಾಕ್ಕೆ, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಶನ್ ಅದೇ ವರ್ಷ ಯೂನಿಯನ್ನಿಗೆ ಸೇರಿದವು. ಹಳೆಯ ಪಾಸುಬುಕ್ಕಿನ ಐಎಫ್‌ಎಸ್‌ಸಿ ಸಂಖ್ಯೆ ಬರೆದುಕೊಟ್ಟರೆ ಹಣ ಎಲ್ಲಿಗೆ ಹೋಗಬೇಕು?

ಮರ ಬಿದ್ದ ಕೂಡಲೇ ಕಡಿದು ಸೌದೆ ಮಾಡಬೇಡಿ. ಮೊದಲು ಫೋಟೋ ತೆಗೆಯಿರಿ. ವಿಮೆ ಇಲ್ಲದವರು ಹತ್ತು ದಿನದೊಳಗೆ, ಇದ್ದವರು ಹದಿನೈದು ದಿನದೊಳಗೆ ಅರ್ಜಿ ಹಾಕಬೇಕು. ಕಂಪ್ಯೂಟರಿನಲ್ಲಿ ಹಾಕಲು ಬಾರದಿದ್ದರೆ ಅಕ್ಷಯ ಕೇಂದ್ರವಿದೆ. ಮಲಯಾಳ ಓದಲು ಬರುವುದಿಲ್ಲವೆಂದು ಹಿಂಜರಿಯುವ ಹಿರಿಯರಿಗೆ ಒಂದು ಮಾತು: 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡಿಗರಿಗೆ ಸರಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ದೂರಿದ್ದರೆ ಕನ್ನಡದಲ್ಲೇ ಬರೆಯಿರಿ, ತಾರೀಕು ಹಾಕಿ, ಪ್ರತಿಯೊಂದನ್ನು ಇಟ್ಟುಕೊಂಡು, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.