ಕಾರ್ಡಿನ ಹಿಂಬದಿ

ಬೆಂಕಿಪೊಟ್ಟಣದ ಚಿತ್ರಗಳನ್ನು ಕೂಡಿಹಾಕಿ, ಎರಡಿದ್ದುದನ್ನು ಕೊಟ್ಟು ಇಲ್ಲದ್ದನ್ನು ಪಡೆದು ಬೆಳೆದವರು ನಮ್ಮಲ್ಲಿ ಎಷ್ಟೋ ಮಂದಿ. ಅಮೆರಿಕದ ಹುಡುಗರಿಗೆ ಇಂಥದೇ ಹುಚ್ಚು ಬೇಸ್‌ಬಾಲ್ ಕಾರ್ಡುಗಳದು. ಮೊದಲು ಸಿಗರೇಟು ಪೊಟ್ಟಣಗಳಲ್ಲಿ ಬರುತ್ತಿದ್ದ ಆಟಗಾರರ ಚಿತ್ರಗಳು ಆಮೇಲೆ ಚೂಯಿಂಗ್ ಗಮ್ಮಿನ ಜೊತೆಗೆ ಬಂದವು. ಬ್ರೂಕ್ಲಿನ್ನಿನ ಟಾಪ್ಸ್ ಕಂಪನಿ 1952ರಲ್ಲಿ 407 ಕಾರ್ಡುಗಳ ಮಾಲೆಯೊಂದನ್ನು ಹೊರತಂದಿತು. ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದರಂತೆ! ಅದೇ ಮಾಲೆಯ ಮಿಕ್ಕಿ ಮ್ಯಾಂಟ್ಲನ ಒಂದೇ ಒಂದು ಕಾರ್ಡು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಮಾರಾಟವಾಯಿತು.

ಬೆಲೆಯ ಮಾತು ಅಲ್ಲಿಗಿರಲಿ. ಕಾರ್ಡಿನ ಮುಂಬದಿಯಲ್ಲಿ ಆಟಗಾರನ ಮುಖವಿದ್ದರೆ, ಹಿಂಬದಿಯಲ್ಲಿ ಸಣ್ಣ ಅಂಕಿಗಳಲ್ಲಿ ಅವನ ಆಟದ ಲೆಕ್ಕ ಇರುತ್ತದೆ. ಅದರಲ್ಲೂ ಪಿಚರನ ಲೆಕ್ಕ ಓದುವಂಥದು. ಕ್ರಿಕೆಟ್ಟಿಗೆ ಬೌಲರ್ ಹೇಗೋ ಬೇಸ್‌ಬಾಲಿಗೆ ಪಿಚರ್ ಹಾಗೆ. ಆದರೆ ಇವನ ಹೊರೆ ಹೆಚ್ಚು. ತಂಡದ ಗೆಲುವನ್ನಾಗಲಿ ಸೋಲನ್ನಾಗಲಿ ಒಬ್ಬ ಪಿಚರನ ಹೆಸರಿಗೇ ಬರೆದುಬಿಡುತ್ತಾರೆ.

ಸ್ಯಾಂಡಿ ಕೋಫ್ಯಾಕ್ಸ್ 1955ರಲ್ಲಿ ಡಾಜರ್ಸ್ ತಂಡಕ್ಕೆ ಸೇರಿದಾಗ 19 ವರ್ಷದ ಹುಡುಗ. ಎಡಗೈಯಲ್ಲಿ ವೇಗವಿತ್ತು, ಹಿಡಿತವಿರಲಿಲ್ಲ. ಮೊದಲ 6 ವರ್ಷಗಳ ಲೆಕ್ಕ: 36 ಗೆಲುವು, 40 ಸೋಲು. ಆಟವನ್ನೇ ಬಿಟ್ಟುಬಿಡೋಣವೆ ಎಂದು ಯೋಚಿಸಿದ್ದೂ ಉಂಟು. 1961ರಲ್ಲಿ ಜೊತೆಯ ಆಟಗಾರನಾದ ನಾರ್ಮ್ ಶೆರ್ರಿ, ಅಷ್ಟೊಂದು ಬಲ ಹಾಕಬೇಡ, ಸ್ವಲ್ಪ ಸಡಿಲವಾಗಿ ಎಸೆ ಎಂದು ಸಲಹೆಯಿತ್ತ. ಮುಂದಿನ 6 ವರ್ಷಗಳಲ್ಲಿ 129 ಗೆಲುವು, 47 ಸೋಲು! 1966ರಲ್ಲಿ 27 ಪಂದ್ಯ ಗೆದ್ದವನು, ಮೊಣಕೈಯ ಸಂಧಿವಾತದ ನೋವು ತಾಳಲಾರದೆ, 30ನೆಯ ವಯಸ್ಸಿಗೇ ಆಟಕ್ಕೆ ವಿದಾಯ ಹೇಳಿದ.

1968ರ ಇನ್ನೊಂದು ಕಾರ್ಡಿನಲ್ಲಿ ಮೆಟ್ಸ್ ತಂಡದ ಇಬ್ಬರು ಹೊಸಬರು ಜೊತೆಯಾಗಿದ್ದಾರೆ: ಜೆರ್ರಿ ಕೂಸ್ಮನ್, ನೋಲನ್ ರಯಾನ್. ಆ ವರ್ಷ ಕೂಸ್ಮನ್ 19 ಪಂದ್ಯ ಗೆದ್ದ. ರಯಾನ್ ಗೆದ್ದದ್ದು 6, ಸೋತದ್ದು 9. ಇಬ್ಬರಲ್ಲಿ ದೊಡ್ಡವನಾಗುವವನು ಯಾರೆಂದು ಆಗ ಕೇಳಿದ್ದರೆ ಬಹುಮಂದಿ ಕೂಸ್ಮನ್ನನನ್ನೇ ತೋರಿಸುತ್ತಿದ್ದರೇನೋ. ಅವನೂ ಸಾಮಾನ್ಯನಲ್ಲ. 1976ರಲ್ಲಿ 21 ಗೆದ್ದು, ಮರುವರ್ಷವೇ 20 ಸೋತು, 1979ರಲ್ಲಿ ಮತ್ತೆ 20 ಗೆದ್ದ ಛಲಗಾರ. ರಯಾನನಾದರೋ 1993ರವರೆಗೆ, ಒಟ್ಟು 27 ಋತುಗಳು ಆಡಿ, 5,714 ಸಲ ದಾಂಡಿಗರನ್ನು ಸ್ಟ್ರೈಕ್‌ಔಟ್ ಮಾಡಿದ. ಈ ದಾಖಲೆಯನ್ನು ಯಾರೂ ಮುರಿದಿಲ್ಲ. ಅವನ ಲೆಕ್ಕದಲ್ಲಿ 324 ಗೆಲುವುಗಳ ಪಕ್ಕದಲ್ಲೇ 292 ಸೋಲುಗಳೂ ಇವೆ.

1961ರಲ್ಲಿ ಕೋಫ್ಯಾಕ್ಸನ ಕಾರ್ಡು ಕೊಂಡ ಹುಡುಗನಿಗೆ ಹಿಂಬದಿಯಲ್ಲಿ ಕಂಡದ್ದು ಗೆಲುವಿಗಿಂತ ಹೆಚ್ಚಿನ ಸೋಲು. ಇಂಥವನದು ಯಾರಿಗೆ ಬೇಕು ಎಂದು ಅದನ್ನು ಕೊಟ್ಟು ಬೇರೊಂದನ್ನು ಪಡೆದವರೂ ಇದ್ದಿರಬೇಕು. ಅಚ್ಚಾದ ಅಂಕಿ ಸುಳ್ಳಲ್ಲ. ಆದರೆ ಅದು ಅಂದಿನವರೆಗಿನ ಲೆಕ್ಕ ಮಾತ್ರ.

ನಮ್ಮ ಮನೆಗಳಿಗೂ ಒಂದು ಕಾರ್ಡು ಬರುತ್ತದೆ. ಪರೀಕ್ಷೆ ಮುಗಿದ ಮೇಲೆ ಮಗನೋ ಮಗಳೋ ತಲೆತಗ್ಗಿಸಿಕೊಂಡು ತಂದು ಮುಂದಿಡುವ ಮಾರ್ಕ್ಸ್ ಕಾರ್ಡು. ಅದಕ್ಕೆ ರುಜು ಹಾಕುವ ಮುನ್ನ ಕೋಫ್ಯಾಕ್ಸನ ಮೊದಲ 6 ವರ್ಷಗಳನ್ನು ಒಂದು ಗಳಿಗೆ ನೆನೆದರೆ ನಷ್ಟವೇನೂ ಇಲ್ಲ.