ಕಿಡಿಯಿಲ್ಲದೆ ಹೊತ್ತಿಕೊಳ್ಳುವ ಎಂಜಿನ್

ಮುಷ್ಟಿಯೊಳಗೆ ಅಡಗುವಷ್ಟು ಪುಟ್ಟ ಎಂಜಿನ್. ಸ್ಪಾರ್ಕ್ ಪ್ಲಗ್ ಇಲ್ಲ, ಬ್ಯಾಟರಿಯೂ ಇಲ್ಲ. ಆಟದ ವಿಮಾನಗಳಿಗೆಂದು 1946ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಮಿಲ್ಸ್ 1.3 ಇಂಥದ್ದೇ ಡೀಸೆಲ್ ಎಂಜಿನ್. ಈಥರ್, ಸೀಮೆಎಣ್ಣೆ, ಹರಳೆಣ್ಣೆಗಳ ಮಿಶ್ರಣ ಸಿಲಿಂಡರಿನಲ್ಲಿ ಒತ್ತಡಕ್ಕೆ ಸಿಕ್ಕಿ ತಾನಾಗಿ ಹೊತ್ತಿಕೊಳ್ಳುತ್ತದೆ. ಒತ್ತಡ ಹೆಚ್ಚುಕಡಿಮೆ ಮಾಡಲು ಇಂಥ ಎಂಜಿನ್ನುಗಳ ತಲೆಯ ಮೇಲೊಂದು ತಿರುಪು.

ವರ್ಷಗಟ್ಟಲೆ ಕಪಾಟಿನಲ್ಲಿದ್ದದ್ದು ಜಪ್ಪಯ್ಯ ಅಂದರೂ ತಿರುಗುವುದಿಲ್ಲ. ಕೆಟ್ಟಿತೆಂದು ಕೈಚೆಲ್ಲುವ ಮೊದಲು ಬಲ್ಲವರು ಹರಳೆಣ್ಣೆಯ ಮೇಲೆ ಅನುಮಾನಪಡುತ್ತಾರೆ. ಅದು ಒಣಗಿ ಅಂಟಾಗಿರುತ್ತದೆ. ಇಕ್ಕಳ ಹಾಕಿ ತಿರುಚಿದರೆ ಕನೆಕ್ಟಿಂಗ್ ರಾಡ್ ಬಾಗೀತು. ಇಂಧನ ದೂರವಿಟ್ಟು ಬಿಸಿಗಾಳಿ ಹಾಯಿಸಿ, ಎರಡು ಹನಿ ತೆಳು ಎಣ್ಣೆ ಬಿಟ್ಟು ಕಾದರೆ ಅಂಟು ಬಿಡುತ್ತದೆ.

ಉಳಿದ ಕಾಯಿಲೆಗಳನ್ನು ಕಿವಿಯೇ ಗುರುತಿಸುತ್ತದೆ.

ನಾಲ್ಕು ಸುತ್ತು ಓಡಿ ನಿಂತರೆ ಇಂಧನ ಬರುತ್ತಿಲ್ಲ. ನೀಡಲ್ ವಾಲ್ವ್ ಬಿಚ್ಚಿ ತೊಳೆಯಬೇಕು. ತಡವರಿಸುತ್ತ ಓಡಿದರೆ ಒತ್ತಡ ಸಾಲದು. ಬಿಸಿಯಾದಂತೆ ಏದುಸಿರು ಬಿಟ್ಟರೆ ಒತ್ತಡ ಅತಿಯಾಗಿದೆ, ತಿರುಪು ತುಸು ಹಿಂದಕ್ಕೆ. ಪ್ರೊಪೆಲ್ಲರ್ ಗಕ್ಕನೆ ಅಡ್ಡಿ ಹೇಳಿದರೆ ಸಿಲಿಂಡರಿನಲ್ಲಿ ಇಂಧನ ತುಂಬಿರಬಹುದು. ಬಲ ಹಾಕದೆ, ತಿರುಪು ಸಡಿಲಿಸಿ ಅದನ್ನು ಹೊರಹಾಕಬೇಕು.

ಎಲ್ಲ ಸರಿಯಿದ್ದೂ ಹೊತ್ತಿಕೊಳ್ಳದಿದ್ದರೆ? ಇಂಧನದ ಡಬ್ಬಿಯ ಮುಚ್ಚಳ ನೋಡಬೇಕು. ಅದು ಸಡಿಲವಾಗಿದ್ದರೆ ಈಥರ್ ಎಂದೋ ಆವಿಯಾಗಿ ಹೋಗಿರುತ್ತದೆ.