ಸೊನ್ನೆಯೂ ‘ಇಲ್ಲ’ವೂ ಒಂದೇ ಅಲ್ಲ



ನಮ್ಮ ನಾಡಿನಲ್ಲಿ ಅನೇಕರಿಗೆ ಮನೆತನದ ಹೆಸರೆಂಬುದಿಲ್ಲ. ಊರಿನ ಹಾಗೂ ತಂದೆಯ ಹೆಸರುಗಳ ಮೊದಲಕ್ಷರ, ಅನಂತರ ಸ್ವಂತ ಹೆಸರು, ಅಷ್ಟೇ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಅಮೆರಿಕದ ವೀಸಾ ಕೊಡುವಾಗ ಆ ಹೆಸರನ್ನು ಮನೆತನದ ಹೆಸರಿನ ಜಾಗದಲ್ಲಿರಿಸಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ನಮೂದಿಸುತ್ತಾರೆ. ಮೊದಲ ಹೆಸರು ತಿಳಿಯದು ಎಂದು ಅದರ ಅರ್ಥ. ಮುಂದೆ ಆ ಮೂರಕ್ಷರಗಳೇ ಹೆಸರಾಗಿ ಇತರ ಕಾಗದಪತ್ರಗಳಿಗೂ ಹತ್ತಿಕೊಳ್ಳುವುದುಂಟು. ತೊಟ್ಟಿಲ ಬಳಿ ಸೋದರತ್ತೆ ಕಿವಿಯಲ್ಲಿ ಉಸುರಿದ ಹೆಸರು ಒಂದು, ಕಂಪ್ಯೂಟರು ಕರೆಯುವುದು ಇನ್ನೊಂದು! ‘ತಿಳಿಯದು’ ಎಂಬ ಗುರುತನ್ನೇ ತಿಳಿದ ಸಂಗತಿಯೆಂದು ಎಣಿಸಿದ್ದರ ಫಲವಿದು.

ಕ್ರಮವಿಧಿಗಳನ್ನು ಬರೆಯುವವರು ಈ ಗುರುತನ್ನು ‘ನಲ್’ ಎನ್ನುತ್ತಾರೆ. ೧೯೬೫ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಯನ್ನು ರೂಪಿಸುವಾಗ ಟೋನಿ ಹೋರ್ ಅವರು, ಅಳವಡಿಸುವುದು ಬಲು ಸುಲಭವೆಂಬ ಕಾರಣಕ್ಕೆ, ಇದನ್ನು ಸೇರಿಸಿದರು. ೨೦೦೯ರಲ್ಲಿ ಲಂಡನ್ನಿನ ಸಮ್ಮೇಳನವೊಂದರಲ್ಲಿ ಅದನ್ನು ತಮ್ಮ ಶತಕೋಟಿ ಡಾಲರಿನ ತಪ್ಪು ಎಂದು ಅವರೇ ಕರೆದರು. ಏನೂ ಇಲ್ಲದ ಕಡೆಗೆ ಕೈಚಾಚಿದ ಪ್ರೋಗ್ರಾಮು ಅಲ್ಲಿಯೇ ಕುಸಿಯುತ್ತದೆ.

ಇದಕ್ಕೆ ಹೊಸ ಭಾಷೆಗಳು ಕಂಡುಕೊಂಡ ಉಪಾಯಗಳಲ್ಲಿ ಎರಡು ಪುಟ್ಟ ಚಿಹ್ನೆಗಳಿವೆ. ಪ್ರಶ್ನಾರ್ಥಕ ಚಿಹ್ನೆಯ ಮುಂದೆ ಚುಕ್ಕಿಯಿಟ್ಟರೆ (?.) ‘ಇದ್ದರೆ ಮುಂದೆ ಹೋಗು, ಇಲ್ಲವಾದರೆ ಇಲ್ಲವೆಂದು ಮರಳು’ ಎಂದರ್ಥ. ಎರಡು ಪ್ರಶ್ನಾರ್ಥಕಗಳಿಗೆ (??) ‘ಇಲ್ಲವಾದರೆ ಇದನ್ನು ಬಳಸು’ ಎಂದರ್ಥ. ಎರಡನೆಯದು ೨೦೦೫ರಲ್ಲಿಯೇ ಸಿ ಶಾರ್ಪ್ ಭಾಷೆಗೆ ಬಂದಿತು. ಜಾವಾಸ್ಕ್ರಿಪ್ಟಿಗೆ ಎರಡೂ ೨೦೨೦ರಲ್ಲಿ ಸೇರಿದವು. ಕಾಟ್ಲಿನ್ ಭಾಷೆಯಲ್ಲಿ ಎರಡನೆಯದರ ರೂಪ ?: ಎಂದು. ತಲೆ ವಾಲಿಸಿ ನೋಡಿದರೆ ಗಾಯಕ ಎಲ್ವಿಸ್ ಪ್ರೀಸ್ಲಿಯ ಕೇಶಾಲಂಕಾರದಂತೆ ಕಾಣುವುದರಿಂದ ಅದು ಎಲ್ವಿಸ್ ಆಪರೇಟರು!

ಜಾವಾಸ್ಕ್ರಿಪ್ಟಿನಲ್ಲಿ ಈ ಕೆಲಸವನ್ನು ಹಿಂದೆ ‘ಅಥವಾ’ ಎಂಬರ್ಥದ || ಚಿಹ್ನೆಯಿಂದ ಮಾಡುತ್ತಿದ್ದರು. ತೊಡಕು ಅಲ್ಲಿಯೇ ಇತ್ತು. ಒಂದು ಕನ್ನಡ ಕೂಟದ ವಾರ್ಷಿಕ ಚಂದಾ ೨೫ ಡಾಲರ್ ಎಂದು ಭಾವಿಸೋಣ. ಹಿರಿಯರೊಬ್ಬರಿಗೆ ವಿನಾಯಿತಿ, ಅವರ ಚಂದಾ ಸೊನ್ನೆ. ಹೊಸಬರೊಬ್ಬರ ಚಂದಾ ಇನ್ನೂ ಬರೆದಿಲ್ಲ. ‘ಚಂದಾ || ೨೫’ ಎಂದರೆ ಸೊನ್ನೆಯನ್ನೂ ಬರಿದೆಂದು ಬಗೆದು ಹಿರಿಯರಿಗೂ ೨೫ ಡಾಲರಿನ ಬಿಲ್ಲು ಹೋಗುತ್ತದೆ. ‘ಚಂದಾ ?? ೨೫’ ಎಂದರೆ ಸೊನ್ನೆ ಸೊನ್ನೆಯಾಗಿಯೇ ಉಳಿದು, ಹೊಸಬರಿಗೆ ಮಾತ್ರ ೨೫ ಬೀಳುತ್ತದೆ. ಸೊನ್ನೆಗೆ ಅಂಕಿಯ ಪಟ್ಟ ಕಟ್ಟಿದ ನಾಡಿನಿಂದ ಬಂದವರಿಗೆ ಈ ಭೇದವನ್ನು ವಿವರಿಸಬೇಕಿಲ್ಲವೆಂದು ನಂಬಿದ್ದೇವೆ.

ಆದರೆ ಚಿಹ್ನೆ ಸರಿಯಾಗಿದ್ದರೆ ಸಾಲದು, ಬದಲಿಗೆ ಇಡುವ ಮಾತೂ ಸರಿಯಿರಬೇಕು. ಆಸ್ಪತ್ರೆಯ ದಾಖಲೆಯಲ್ಲಿ ರೋಗಿಗೆ ಯಾವ ಔಷಧ ಒಗ್ಗದು ಎಂಬ ಅಂಕಣ ಬರಿದಾಗಿದೆ ಎನ್ನಿ. ‘ಅಲರ್ಜಿ ?? ಯಾವುದೂ ಇಲ್ಲ’ ಎಂದು ಬರೆದವನ ಪ್ರೋಗ್ರಾಮು ಎಂದೂ ಕುಸಿಯುವುದಿಲ್ಲ. ಆದರೆ ಯಾರೂ ಕೇಳದೆ ಬಿಟ್ಟ ಪ್ರಶ್ನೆಗೆ ಅದು ತಾನೇ ಉತ್ತರ ಕೊಟ್ಟಿತು. ವೈದ್ಯರು ಆ ಉತ್ತರವನ್ನು ನಂಬಿ ಪೆನಿಸಿಲಿನ್ ಚುಚ್ಚಬಹುದು. ಇಂತಹ ಕಡೆ ಪ್ರೋಗ್ರಾಮು ನಿಂತುಹೋಗುವುದೇ ಲೇಸೆಂದು ನಮ್ಮ ಅಭಿಪ್ರಾಯ. ಅಲ್ಲಿ ಬರೆಯಬೇಕಾದುದು ‘ವಿಚಾರಿಸಿಲ್ಲ’ ಎಂದು.

ಕಾಟ್ಲಿನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬರಿದಾಗಿರಬಹುದಾದ ಮೌಲ್ಯವನ್ನು ಪರೀಕ್ಷಿಸದೆ ಬಳಸಿದರೆ ಪ್ರೋಗ್ರಾಮು ಸಿದ್ಧವಾಗುವ ಮೊದಲೇ ತಡೆಯುತ್ತದೆ. ತಡೆಯನ್ನು ದಾಟಲು !! ಎಂಬ ಚಿಹ್ನೆಯನ್ನೂ ಅದೇ ಭಾಷೆ ಕೊಟ್ಟಿದೆ. ‘ಇದ್ದೇ ಇದೆ, ಹೊಣೆ ನನ್ನದು’ ಎಂದು ಬರೆಯುವವನು ಹಾಕುವ ರುಜು ಅದು. ನಮ್ಮ ತರುಣ ಮಿತ್ರರು ಅದನ್ನು ಎಲ್ಲೆಲ್ಲಿ ಹಾಕಿದ್ದಾರೆಂದು ಸೋಮವಾರ ಕಚೇರಿಯಲ್ಲಿ ಒಮ್ಮೆ ಹುಡುಕಿ ನೋಡಲಿ.